ಮೊದಲು ವೀಸಾ, ಆಮೇಲೆ ಬೀಗ, ಕೊನೆಗೆ ಬಂದೂಕು: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಪಕ್ಕದ ಬೀದಿಯಲ್ಲಿ ಕಳ್ಳತನವಾದ ಸುದ್ದಿ ಬಂದ ವಾರ ನಮ್ಮವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಮನೆಯ ರಕ್ಷಣೆಗೆ ಯಾವ ಬಂದೂಕು ಒಳ್ಳೆಯದು? ಉತ್ತರ ಕೊಡುವ ಮೊದಲು ನಾನು ಅವರನ್ನೇ ಒಂದು ಮಾತು ಕೇಳುತ್ತೇನೆ. ನೀವು ಈ ದೇಶದಲ್ಲಿರುವುದು ಯಾವ ವೀಸಾದ ಮೇಲೆ? ಎಷ್ಟೋ ಸಲ ಬಂದೂಕಿನ ಅಂಗಡಿಗೆ ಹೋಗುವ ಮಾತು ಅಲ್ಲಿಗೇ ಮುಗಿಯುತ್ತದೆ.

ಎಚ್-1ಬಿ, ಎಲ್-1, ಎಚ್-4, ಎಫ್-1, ಬಿ-2 ಇವೆಲ್ಲವೂ ವಲಸೆಯೇತರ ವೀಸಾಗಳು. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಸ್‌ನಂಥ ಸಡಿಲ ಕಾನೂನಿನ ರಾಜ್ಯದಲ್ಲಿದ್ದರೂ ಇದು ಬದಲಾಗುವುದಿಲ್ಲ. ಇಟ್ಟುಕೊಳ್ಳುವುದು ಎಂದರೆ ಸ್ವಂತಕ್ಕೆ ಕೊಳ್ಳುವುದು ಮಾತ್ರವಲ್ಲ. ವಾರಾಂತ್ಯದಲ್ಲಿ ಸಹೋದ್ಯೋಗಿಗಳೊಂದಿಗೆ ಗುಂಡು ಹಾರಿಸುವ ಅಭ್ಯಾಸದ ಮೈದಾನಕ್ಕೆ ಹೋಗಿ, ಬಾಡಿಗೆಯ ಪಿಸ್ತೂಲು ಹಿಡಿದು ಫೋಟೊ ತೆಗೆಸಿಕೊಂಡರೂ ಅದೇ ಕಾನೂನಿನ ಕೆಳಗೆ ಬರಬಹುದು. ಆ ಫೋಟೊವನ್ನು ನೀವೇ ಜಗತ್ತಿಗೆಲ್ಲ ತೋರಿಸಿರುತ್ತೀರಿ. 2022ರಲ್ಲಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 10 ವರ್ಷದಿಂದ 15 ವರ್ಷಕ್ಕೆ ಏರಿಸಿದ್ದಾರೆ. ಇಲ್ಲಿನ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯೊಂದಿದೆ ಎಂಬುದು ನಿಜ. ಅದನ್ನೇ ದಾರಿ ಮಾಡಿಕೊಳ್ಳಬೇಕೆಂದಿದ್ದರೆ ವಲಸೆ ವಕೀಲರನ್ನು ಕೇಳಿದ ಮೇಲೆ ಮಾತ್ರ ಹೆಜ್ಜೆ ಇಡಿ; ಗೆಳೆಯರ ಮಾತು ನಂಬಿ ಇಡಬೇಡಿ. ವರ್ಷಗಟ್ಟಲೆ ಕಾದು ಕುಳಿತಿರುವ ಗ್ರೀನ್ ಕಾರ್ಡಿನ ಸರದಿಯನ್ನು ಒಂದು ಮಧ್ಯಾಹ್ನದ ಮೋಜಿಗೆ ಒತ್ತೆ ಇಡಬಾರದು.

ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು. ಆದರೆ ಕಾನೂನು ಅವರ ಮೇಲೂ ಒಂದು ಕಣ್ಣಿಟ್ಟಿರುತ್ತದೆ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ, ಇಲ್ಲಿ ಎಷ್ಟೇ ವರ್ಷ ಬಾಳಿದ್ದರೂ ಗಡೀಪಾರು ಮಾಡುವ ಅವಕಾಶ ವಲಸೆ ಕಾನೂನಿನಲ್ಲಿದೆ. ಪೌರನಾದ ನೆರೆಯವನು ದಂಡ ಕಟ್ಟಿ ಮರೆಯುವ ತಪ್ಪು ನಮ್ಮನ್ನು ವಿಮಾನ ಹತ್ತಿಸಬಹುದು. ಕೊಡಗಿನಿಂದ ಬಂದವರಿಗೆ ಕೋವಿ ಮನೆಯ ವಸ್ತುವೇ ಸರಿ, ಊರಿನಲ್ಲಿ ಅವರಲ್ಲಿ ಹಲವರಿಗೆ ಪರವಾನಗಿಯಿಂದ ವಿನಾಯಿತಿಯೂ ಇದೆ. ಆ ಅನುಭವ ಇಲ್ಲಿ ಕೈಗೆ ನೆರವಾಗುತ್ತದೆ, ಕಾಗದಪತ್ರಕ್ಕೆ ಆಗುವುದಿಲ್ಲ. ಇನ್ನೊಂದು ಮಾತು: ಇಲ್ಲಿ ಬರೆಯುತ್ತಿರುವುದೆಲ್ಲ ಅಮೆರಿಕಕ್ಕೆ ಮಾತ್ರ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಆತ್ಮರಕ್ಷಣೆ ಎಂಬ ಕಾರಣಕ್ಕೆ ಬಂದೂಕಿನ ಪರವಾನಗಿ ಸಿಗುವುದಿಲ್ಲ. ಅಲ್ಲಿರುವ ಬಂಧುಗಳಿಗೆ ಇದನ್ನು ಕಳುಹಿಸಬೇಡಿ.

ನಮ್ಮ ಮನೆಗಳಿಗೆ ಕಳ್ಳರು ಬರುವುದು ಹೆಚ್ಚಾಗಿ ಚಿನ್ನಕ್ಕಾಗಿ. ದಕ್ಷಿಣ ಏಷ್ಯಾ ಮೂಲದವರ ಮನೆಗಳನ್ನೇ ಹುಡುಕಿಕೊಂಡು ಹಲವು ರಾಜ್ಯಗಳಲ್ಲಿ ದರೋಡೆ ಮಾಡಿದ ಗುಂಪಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದೂ ಉಂಟು. ಆದರೆ ಬಹುಪಾಲು ಕಳ್ಳತನ ನಡೆಯುವುದು ಮನೆಯಲ್ಲಿ ಯಾರೂ ಇಲ್ಲದಾಗ. ಆಗ ನಿಮ್ಮ ಬಂದೂಕು ಕಳ್ಳನ ಪಾಲಿಗೆ ಇನ್ನೊಂದು ಬೆಲೆಬಾಳುವ ವಸ್ತುವಷ್ಟೇ. ಆದ್ದರಿಂದ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಡಿ. ವರಮಹಾಲಕ್ಷ್ಮಿಗೆ ತೊಡಿಸಿದ ಸರಗಳ ಫೋಟೊವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮುಂಬಾಗಿಲಿನ ಚೌಕಟ್ಟಿನಲ್ಲಿ ಚಿಲಕ ಹೋಗಿ ಕೂರುವ ಲೋಹದ ಪಟ್ಟಿಯನ್ನು ನೋಡಿ: ಇಲ್ಲಿನ ಮನೆಗಳಲ್ಲಿ ಅದನ್ನು ಹಿಡಿದಿರುವುದು ಸಾಮಾನ್ಯವಾಗಿ ಗಿಡ್ಡ ಸ್ಕ್ರೂಗಳು, ಜೋರಾಗಿ ಒದ್ದರೆ ಕಿತ್ತುಬರುತ್ತವೆ. ಅವನ್ನು ತೆಗೆದು ಗೋಡೆಯೊಳಗಿನ ಮರದ ಕಂಬಕ್ಕೆ ತಲುಪುವ ಮೂರಂಗುಲದ ಸ್ಕ್ರೂ ಹಾಕಿಸಿ. ಅರ್ಧ ಗಂಟೆಯ ಕೆಲಸ. ವೀಸಾ ಯಾವುದಿದ್ದರೂ ಮಾಡಬಹುದು.

ಗ್ರೀನ್ ಕಾರ್ಡೋ ಪೌರತ್ವವೋ ಇದ್ದು, ಇಷ್ಟಾದ ಮೇಲೂ ಬಂದೂಕು ಬೇಕೆನಿಸಿದರೆ ಅದು ನಿಮ್ಮ ಹಕ್ಕು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕನ್ನು ಇಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿದಿದೆ. ಆ ಹಕ್ಕನ್ನು ಚಲಾಯಿಸುವ ಬಗೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ರೈಫಲ್, ಶಾಟ್‌ಗನ್‌ಗಳಿಗೆ ಬಂದೂಕು ಕೊಳ್ಳುವವರ ಗುರುತಿನ ಕಾರ್ಡ್ ಬೇಕು, ಪಿಸ್ತೂಲೊಂದೊಂದಕ್ಕೂ ಪ್ರತ್ಯೇಕ ಅನುಮತಿ ಬೇಕು. ಇಲಿನಾಯ್‌ನಲ್ಲಿ ರಾಜ್ಯದ ಕಾರ್ಡ್ ಇಲ್ಲದೆ ಗುಂಡನ್ನೂ ಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತೆಯ ಲಿಖಿತ ಪರೀಕ್ಷೆ ಪಾಸಾಗಿ ಹತ್ತು ದಿನ ಕಾಯಬೇಕು. ಟೆಕ್ಸಸ್‌ನಲ್ಲಿ ರಾಜ್ಯದ ಅನುಮತಿ ಏನೂ ಬೇಡ. ಕೊಳ್ಳುವಾಗ ತುಂಬಬೇಕಾದ ಫೆಡರಲ್ ನಮೂನೆ 4473 ಮಾತ್ರ ಎಲ್ಲ ಅಂಗಡಿಗಳಲ್ಲೂ ಒಂದೇ. ಅದನ್ನು ನಿಧಾನವಾಗಿ ಓದಿ ತುಂಬಿರಿ. ಅದರಲ್ಲಿ ಸುಳ್ಳು ಬರೆಯುವುದೇ ದೊಡ್ಡ ಅಪರಾಧ. ಗಾಂಜಾ ಸೇವನೆಯ ಬಗ್ಗೆ ಅಲ್ಲೊಂದು ಪ್ರಶ್ನೆ ಇದೆ, ನಿಮ್ಮ ರಾಜ್ಯ ಅದಕ್ಕೆ ಅನುಮತಿ ಕೊಟ್ಟಿದ್ದರೂ ಫೆಡರಲ್ ಕಾನೂನು ಒಪ್ಪುವುದಿಲ್ಲ ಎಂದು ನಮೂನೆಯೇ ಎಚ್ಚರಿಸುತ್ತದೆ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಂದು ನಮ್ಮ ಹೆಸರುಗಳು ಗ್ರೀನ್ ಕಾರ್ಡಿನಲ್ಲಿ ಒಂದು ಬಗೆ, ಚಾಲನಾ ಪರವಾನಗಿಯಲ್ಲಿ ಇನ್ನೊಂದು ಬಗೆ ಇರುವುದುಂಟು. ಅಂಗಡಿಗೆ ಹೋಗುವ ಮೊದಲೇ ಹೆಸರು, ವಿಳಾಸ ಎರಡನ್ನೂ ಸರಿಪಡಿಸಿಕೊಳ್ಳಿ. ವೀಸಾದಲ್ಲಿರುವ ಗೆಳೆಯನಿಗಾಗಿ ನಿಮ್ಮ ಹೆಸರಿನಲ್ಲಿ ಕೊಂಡು ಕೊಡುವ ಉಪಕಾರವನ್ನು ಎಂದೂ ಮಾಡಬೇಡಿ. ಇಬ್ಬರೂ ಸಿಕ್ಕಿಬೀಳುತ್ತೀರಿ.

ಈಗ ಆಯ್ಕೆಯ ವಿಷಯ. ಜನ ಬಂದೂಕು ಕೊಂಡು ಆಮೇಲೆ ಪೆಟ್ಟಿಗೆ ಹುಡುಕುತ್ತಾರೆ. ನನ್ನ ಸಲಹೆ ತಿರುವುಮುರುವು. ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಕೈ ನಡುಗುತ್ತಿರುವಾಗ ನೀವು ತೆರೆಯಬಲ್ಲ, ಆದರೆ ನಿಮ್ಮ ಮಕ್ಕಳು ಹಗಲೆಲ್ಲ ಕೂತು ಪ್ರಯತ್ನಿಸಿದರೂ ತೆರೆಯಲಾಗದ ಬೀಗದ ಪೆಟ್ಟಿಗೆ ಯಾವುದು, ಅದನ್ನು ಮನೆಯಲ್ಲಿ ಎಲ್ಲಿ ನೆಲಕ್ಕೋ ಗೋಡೆಗೋ ಬಿಗಿಯಬಹುದು ಎಂಬುದನ್ನು ಮೊದಲು ತೀರ್ಮಾನಿಸಿ. ಅದರೊಳಗೆ ಹಿಡಿಸುವ ಬಂದೂಕೇ ನಿಮ್ಮ ಬಂದೂಕು. ಬೆರಳಚ್ಚಿನ ಬೀಗವನ್ನಷ್ಟೇ ನಂಬಬೇಡಿ, ಬೆವರಿದ ಬೆರಳನ್ನು ಅದು ಗುರುತಿಸದೇ ಹೋಗಬಹುದು. ಒತ್ತುವ ಗುಂಡಿಗಳೂ ಇರಲಿ, ಬ್ಯಾಟರಿ ಸತ್ತರೆ ತೆರೆಯಲು ಕೀಲಿಯೂ ಇರಲಿ. ಬೀರುವಿನ ಮೇಲೆ, ದಿಂಬಿನ ಕೆಳಗೆ, ಸೀರೆಗಳ ನಡುವೆ ಇಡುವುದು ಬಚ್ಚಿಡುವುದೇ ಹೊರತು ಭದ್ರಪಡಿಸುವುದಲ್ಲ. ನೀವು ಬಚ್ಚಿಟ್ಟ ಸಿಹಿತಿಂಡಿ ಎಲ್ಲಿದೆ ಎಂದು ಬಲ್ಲ ಮಗು ಇದನ್ನೂ ಬಲ್ಲದು. ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮ ಸಂದರ್ಶಕ ವೀಸಾದಲ್ಲಿರುತ್ತಾರೆ. ಅವರ ಕೈಗೆ ಎಟುಕುವಂತೆ ಬಂದೂಕು ಬಿದ್ದಿದ್ದರೆ, ಮೊದಲು ಹೇಳಿದ ಆ ಕಾನೂನಿನ ತೊಡಕು ಅವರಿಗೂ ಸುತ್ತಿಕೊಳ್ಳಬಹುದು. ಕೀಲಿ, ಸಂಕೇತ ಎರಡೂ ಅವರ ಬಳಿ ಇರಬಾರದು.

ಸಣ್ಣ ಮಕ್ಕಳಿರುವ ಮನೆಗೆ ನಾನು ಸೂಚಿಸುವುದು ಮಧ್ಯಮ ಗಾತ್ರದ 9 ಎಂ.ಎಂ. ಪಿಸ್ತೂಲು. ಗ್ಲಾಕ್ 19 ಎಂಬ ಹೆಸರಾಂತ ಮಾದರಿಯಷ್ಟು ಗಾತ್ರದ್ದು ಸಾಕು. ಕಂಪನಿ ಯಾವುದೆಂಬುದು ಅಷ್ಟು ಮುಖ್ಯವಲ್ಲ. ಹಾಸಿಗೆಯ ಪಕ್ಕದ ಚಿಕ್ಕ ಪೆಟ್ಟಿಗೆಯಲ್ಲಿ ಅದು ಕೂರುತ್ತದೆ. ಒಂದು ಕೈಯಲ್ಲಿ ಮಗುವನ್ನೋ ಫೋನನ್ನೋ ಹಿಡಿದಿರುವಾಗಲೂ ಇನ್ನೊಂದು ಕೈಗೆ ಒಗ್ಗುತ್ತದೆ. ಆದರೆ ಪಿಸ್ತೂಲು, ಶಾಟ್‌ಗನ್, ರೈಫಲ್ ಎಂಬ ಮೂರು ಬಗೆಯ ಬಂದೂಕುಗಳಲ್ಲಿ ಗುರಿ ಕಲಿಯಲು ಅತಿ ಕಷ್ಟದ್ದು ಪಿಸ್ತೂಲೇ. ಕಲಿಯಲು ಸಮಯ ಕೊಡಲಾಗದವರು ಅದನ್ನು ಕೊಳ್ಳದಿರುವುದೇ ಮೇಲು. ಅಂಗಡಿಯವರು ಹೆಂಗಸರಿಗೆ ಪುಟ್ಟ ಪಿಸ್ತೂಲನ್ನು ತೋರಿಸುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಪಿಸ್ತೂಲು ಚಿಕ್ಕದಾದಷ್ಟೂ ಕೈಗೆ ಒದೆತ ಹೆಚ್ಚು, ಮೇಲಿನ ಜಾರುಭಾಗವನ್ನು ಹಿಂದಕ್ಕೆ ಎಳೆಯುವುದು ಕಷ್ಟ, ಗುರಿ ತಪ್ಪುವುದು ಸುಲಭ. ಮನೆಯಲ್ಲಿಡುವ ಪಿಸ್ತೂಲನ್ನು ಜೇಬಿನಲ್ಲಿ ಬಚ್ಚಿಡುವ ಅಗತ್ಯವೇ ಇಲ್ಲವಲ್ಲ! ಬೆರಳಿನ ಸಂಧಿವಾತದಿಂದ ಜಾರುಭಾಗ ಎಳೆಯಲಾಗದವರಿಗೆ .38 ರಿವಾಲ್ವರ್ ಒಂದು ದಾರಿ. ಅದರ ಟ್ರಿಗರ್ ಬಿಗಿ, ಐದಾರು ಗುಂಡು ಮಾತ್ರ, ಆದರೆ ಬಳಕೆ ಸರಳ.

ದಂಪತಿಗಳು ಮಾತ್ರ ಇರುವ ಮನೆಗೆ 20 ಗೇಜಿನ ಶಾಟ್‌ಗನ್, ಅಂದರೆ ಚರೆ ಹಾರಿಸುವ ಉದ್ದ ಬಂದೂಕು, ಒಳ್ಳೆಯ ಆಯ್ಕೆ. ಗೇಜ್ ಎಂಬುದು ನಳಿಗೆಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ಅಗಲ. ಎಲ್ಲರೂ ಹೇಳುವ 12 ಗೇಜಿನದು ನಮ್ಮಲ್ಲಿ ಅನೇಕರ ಹೆಗಲಿಗೆ ಜೋರಾಗಿ ಒದೆಯುತ್ತದೆ, ಒಮ್ಮೆ ಒದೆಸಿಕೊಂಡವರು ಮತ್ತೆ ಅಭ್ಯಾಸಕ್ಕೆ ಹೋಗುವುದಿಲ್ಲ. ಶಾಟ್‌ಗನ್‌ಗೆ ಗುರಿ ಬೇಡ, ಚರೆ ಕೋಣೆಯ ತುಂಬ ಹರಡುತ್ತದೆ ಎಂಬುದು ಶುದ್ಧ ಸುಳ್ಳು. ಕೋಣೆಯ ಉದ್ದದಲ್ಲಿ ಅದು ಸಾಮಾನ್ಯವಾಗಿ ಅಂಗೈ ಅಗಲದಷ್ಟೇ ಹರಡುತ್ತದೆ. ನಳಿಗೆ 18 ಅಂಗುಲಕ್ಕಿಂತ ಗಿಡ್ಡವಾಗಿರಬಾರದು. ಎಆರ್-15 ಮಾದರಿಯ ರೈಫಲ್ಲಿನ ಒದೆತ ಕಡಿಮೆ, ಗುರಿ ಸುಲಭ, ಆ ಮಾತು ನಿಜವೇ. ಆದರೆ ಮನೆಯೊಳಗೆ ಅದರ ಸದ್ದು ಭಯಂಕರ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮುಂತಾದ ರಾಜ್ಯಗಳು ಅಂಥ ರೈಫಲ್ಲುಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧ ಹೇರಿವೆ. ಮೊದಲ ಬಂದೂಕಾಗಿ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಊರಿನ ಇಟ್ಟಿಗೆ ಗೋಡೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಇಲ್ಲಿನ ಒಳಗೋಡೆ ಎಂದರೆ ಮರದ ಕಡ್ಡಿಗಳ ಎರಡೂ ಬದಿಗೆ ಹೊಡೆದ ಅರ್ಧ ಅಂಗುಲದ ಜಿಪ್ಸಂ ಹಲಗೆ. ಕಳ್ಳನನ್ನು ತಡೆಯಬಲ್ಲ ಯಾವ ಗುಂಡೇ ಆಗಲಿ ಗುರಿ ತಪ್ಪಿದರೆ ಒಂದಲ್ಲ, ಹಲವು ಗೋಡೆಗಳನ್ನು ದಾಟಿಕೊಂಡು ಹೋಗುತ್ತದೆ. ತುದಿ ಪೊಳ್ಳಾಗಿರುವ ಗುಂಡು ದೇಹದೊಳಗೆ ಹಿಗ್ಗಿ ನಿಲ್ಲುವ ಸಂಭವ ಹೆಚ್ಚು ಎಂದು ಅದನ್ನು ಬಳಸುತ್ತಾರೆ, ಗೋಡೆಯ ಮುಂದೆ ಆ ಭರವಸೆ ಇಲ್ಲ. ಹಾಗಾಗಿ ಬಂದೂಕು ಕೊಳ್ಳುವ ಮೊದಲೇ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ನೋಡಿ: ಇಲ್ಲಿಂದ ಯಾವ ದಿಕ್ಕಿಗೆ ಮಕ್ಕಳ ಕೋಣೆ, ಯಾವ ದಿಕ್ಕಿಗೆ ನೆರೆಯವರ ಕಿಟಕಿ? ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಸುರಕ್ಷಿತವಾದ ದಿಕ್ಕೇ ಇಲ್ಲದಿರಬಹುದು. ಹಾಗಿದ್ದರೆ ಬಂದೂಕು ಬೇಡ ಎಂಬುದೇ ಸರಿಯಾದ ಉತ್ತರ.

ಕೈಯಲ್ಲಿ ಹಿಡಿಯುವ ಒಳ್ಳೆಯ ಟಾರ್ಚ್ ಪೆಟ್ಟಿಗೆಯ ಪಕ್ಕದಲ್ಲೇ ಇರಲಿ. ಬಂದೂಕಿಗೆ ಸಿಕ್ಕಿಸಿದ ದೀಪದಿಂದ ಯಾರೆಂದು ನೋಡಹೊರಟರೆ ನೋಡಿದವರತ್ತ ನಳಿಗೆಯೂ ತಿರುಗುತ್ತದೆ. ಕತ್ತಲಲ್ಲಿ ಓಡಾಡುತ್ತಿರುವುದು ಹೇಳದೆ ಹಾಸ್ಟೆಲಿನಿಂದ ಬಂದ ಮಗನಿರಬಹುದು, ನೀರಿಗೆಂದು ಎದ್ದ ಅಮ್ಮನಿರಬಹುದು. 1992ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಹ್ಯಾಲೊವೀನ್ ಪಾರ್ಟಿಯ ಮನೆ ಹುಡುಕುತ್ತ ತಪ್ಪು ಮನೆಯ ಬಾಗಿಲಿಗೆ ಹೋದ 16 ವರ್ಷದ ಜಪಾನೀ ವಿದ್ಯಾರ್ಥಿಯನ್ನು ಮನೆಯೊಡೆಯ ಗುಂಡಿಟ್ಟು ಕೊಂದ. ಅಪರಿಚಿತ ನಾಡು, ಅರೆಬರೆ ಇಂಗ್ಲಿಷ್, ತಪ್ಪಿದ ವಿಳಾಸ. ಆ ಹುಡುಗನ ಜಾಗದಲ್ಲಿ ನಮ್ಮ ಮಕ್ಕಳೂ ಇರಬಹುದಿತ್ತು. ಬಂದೂಕು ಕೊಂಡ ಮೇಲೆ ಆ ಮನೆಯೊಡೆಯನ ಜಾಗದಲ್ಲಿ ನಾವೂ ಇರಬಹುದು.

ಸದ್ದು ಕೇಳಿದರೆ ಮನೆಯೆಲ್ಲ ಹುಡುಕುತ್ತ ಹೋಗಬೇಡಿ. ಎಲ್ಲರೂ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಕರೆಯನ್ನು ಕಡಿಯಬೇಡಿ. ನೀವು ಎಲ್ಲಿದ್ದೀರಿ, ಏನು ತೊಟ್ಟಿದ್ದೀರಿ, ಬಂದೂಕು ಇದೆಯೇ ಎಂಬುದನ್ನು ಹೇಳಿ. ಪೊಲೀಸರು ಬಂದೊಡನೆ ಬಂದೂಕನ್ನು ಕೆಳಗಿಟ್ಟು ಕೈಗಳನ್ನು ಕಾಣುವಂತೆ ತೋರಿಸಿ. ಕತ್ತಲೆಯ ಮನೆಯಲ್ಲಿ ಬಂದೂಕು ಹಿಡಿದು ನಿಂತ ಕಂದುಬಣ್ಣದ ಮನುಷ್ಯ ಮನೆಯವನೋ ಕಳ್ಳನೋ ಅವರಿಗೆ ತಿಳಿಯುವುದಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ, ಲ್ಯಾಪ್‌ಟಾಪಿಗಾಗಿ ಗುಂಡು ಹಾರಿಸುವ ಹಕ್ಕು ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ. ಪ್ರಾಣಕ್ಕೆ ಬಂದಾಗ ಮಾತ್ರ.

ಕೊಳ್ಳದಿರಲು ತೀರ್ಮಾನಿಸಿದವರಿಗೂ ಒಂದು ಕೆಲಸವಿದೆ. ಮಗುವನ್ನು ಆಟಕ್ಕೆಂದು ಗೆಳೆಯರ ಮನೆಗೆ ಕಳುಹಿಸುವಾಗ, ಕಡಲೆಕಾಯಿ ಅಲರ್ಜಿಯ ಬಗ್ಗೆ ಹೇಳುವಷ್ಟೇ ಸಹಜವಾಗಿ ಕೇಳಿ: ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಬೀಗದಲ್ಲಿದೆಯೇ? ಇಲ್ಲಿನ ಹೆಚ್ಚಿನವರು ಬೇಸರಪಟ್ಟುಕೊಳ್ಳುವುದಿಲ್ಲ. ಕೊಂಡವರು ಇನ್ನೊಂದನ್ನು ತಿಳಿದಿರಬೇಕು. ಈ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕೆಲಸ ಹೋಗಿ ವೀಸಾದ ಗಡುವು ಎಣಿಸುತ್ತಿರುವ ತಮ್ಮ ನಿಮ್ಮ ಮನೆಯಲ್ಲಿದ್ದರೆ, ಪರೀಕ್ಷೆಯ ಒತ್ತಡದಲ್ಲಿ ಮಾತು ಬಿಟ್ಟ ಮಗಳಿದ್ದರೆ, ಬಂದೂಕನ್ನು ಕೆಲಕಾಲ ಮನೆಯಿಂದ ಹೊರಗೆ ಕಾನೂನುಬದ್ಧವಾಗಿ ಇರಿಸಿ. ಆತ್ಮಹತ್ಯೆ ತಡೆಯುವ ಸಹಾಯವಾಣಿಯ 988 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು.

ಊರಿಗೆ ಹೊರಡುವಾಗಿನ ಎಚ್ಚರಿಕೆ ಒಂದು ಉಳಿದಿದೆ. ಅಭ್ಯಾಸಕ್ಕೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸಬೇಡಿ. ಚೀಲದ ಮೂಲೆಯಲ್ಲಿ ಮರೆತ ಒಂದೇ ಒಂದು ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಬೀಳುತ್ತದೆ, ರಜೆಯೆಲ್ಲ ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳಲ್ಲಿ ಕಳೆಯಬಹುದು. ಆ ಚೀಲಕ್ಕೆ ಬೇರೆಯದೇ ಬಣ್ಣವಿರಲಿ, ಬಂದೂಕಿನ ಪೆಟ್ಟಿಗೆಯ ಪಕ್ಕದಲ್ಲೇ ಇರಲಿ.