ಮೈಸೂರು ಜೂ, ಐದೇ ಪ್ರಾಣಿ, ಎರಡೂವರೆ ಗಂಟೆ

ನಾಲ್ಕನೇ ಸಲಕ್ಕೆ ಸಕ್ಸಸ್ ಆಯ್ತು ಕಣ್ರೀ. ಆರು ವರ್ಷದ ಮಗಳು, ಮೂರೂವರೆ ವರ್ಷದ ಮಗ, ಇಬ್ಬರನ್ನೂ ಮೈಸೂರು ಜೂಗೆ ಕರ್ಕೊಂಡು ಹೋಗಿ, ಯಾರನ್ನೂ ಸೊಂಟದ ಮೇಲೆ ಹೊರದೆ, ಒಂದ್ಸಲಾನೂ ಗದರದೆ (ಸರಿ, ಒಂದ್ಸಲ ಗದರಿದೆ) ವಾಪಸ್ ಬಂದಿದೀವಿ. ಇದನ್ನ ಬರೀತಿರೋದು ಅರ್ಧ ನಮ್ಮ ಭಾವನಿಗೋಸ್ಕರ. "ಐದು ಪ್ರಾಣಿ ನೋಡೋಕೆ ಹಾಸನದಿಂದ ಮೈಸೂರಿಗೆ ಹೋಗ್ಬೇಕಾ, ಬೀದೀಲಿ ಐದು ನಾಯಿ ಇಲ್ವಾ" ಅಂತ ಊಟದ ಹೊತ್ತಲ್ಲಿ ಎಲ್ಲರ ಮುಂದೆ ನಗಾಡಿದ್ದು ಅವ್ರೇ.

ಮೊದಲನೇ ಸಲ ಹೋಗಿದ್ದು ದಸರಾ ರಜದಲ್ಲಿ, ಅಲ್ಲೇ ತಪ್ಪಿತ್ತು. ಕಾರಲ್ಲಿ ಆರು ಜನ, ತಲುಪೋ ಹೊತ್ತಿಗೆ ಹನ್ನೊಂದೂವರೆ, ಟಿಕೆಟ್ ಕ್ಯೂ ನೋಡಿ ಅತ್ತೆ ಅಲ್ಲೇ ಕೂತ್ಬಿಟ್ರು. ಒಳಗೆ ಹೋದ್ರೆ ಬರೀ ಜನರ ಬೆನ್ನು. ಮಗಳಿಗೆ ಹೊಸ ಶೂ ಹಾಕಿದ್ದೆ, ಅರ್ಧ ಗಂಟೆಗೆ ಹಿಮ್ಮಡಿ ಕಿತ್ತೋಯ್ತು. ಮಗ ಆಗ ಕೈಕೂಸು, ಜಿರಾಫೆ ಮುಂದೇನೇ ನಿದ್ದೆ ಹೋದ. ಭಾವ ಮಾತ್ರ ಒಂದು ಬೋರ್ಡೂ ಬಿಡಲ್ಲ, 1892ರಲ್ಲಿ ಚಾಮರಾಜೇಂದ್ರ ಒಡೆಯರು ಶುರು ಮಾಡಿದ್ದು ಅಂತ ನಾಲ್ಕು ಸಲ ಹೇಳಿದ್ರು, ಬಿಸಿಲಲ್ಲಿ ನಿಂತ್ಕೊಂಡು. ಡೀಸೆಲ್ಲು, ಊಟ, ಟಿಕೆಟ್ಟು, ಗೊಂಬೆ ಎಲ್ಲಾ ಸೇರಿ ನಾಲ್ಕೂವರೆ ಸಾವಿರದ ಹತ್ರ ಹೋಯ್ತು. ಮನೆಗೆ ಬಂದು ಏನು ನೋಡ್ದೆ ಪುಟ್ಟಿ ಅಂದ್ರೆ "ಐಸ್ಕ್ರೀಮ್".

ಎರಡನೇ ಸಲದ್ದು ಹೇಳ್ಕೊಳ್ಳೋಕೆ ನಾಚಿಕೆ. ಮಂಗಳವಾರ ಹೋದ್ವಿ. ಮಂಗಳವಾರ ರಜ ಅಂತ ಮೈಸೂರಿನ ಕಲ್ಲಿಗೂ ಗೊತ್ತು, ನಮಗೆ ಗೊತ್ತಿರ್ಲಿಲ್ಲ. ಪಕ್ಕದ ಕಾರಂಜಿ ಕೆರೆಯಾದ್ರೂ ನೋಡೋಣ ಅಂದ್ರೆ ಅದಕ್ಕೂ ಅವತ್ತೇ ರಜ. ಗೇಟ್ ಮುಂದೆ ಒಂದು ಫೋಟೋ ತೆಗೆಸ್ಕೊಂಡು, ಪ್ಯಾಲೇಸ್ ಹತ್ರ ಪಾರಿವಾಳ ನೋಡಿ ಬಂದ್ವಿ.

ಮೂರನೇ ಸಲ ಓವರ್ ಪ್ಲಾನಿಂಗು. ಆನ್‌ಲೈನಲ್ಲಿ ಮಕ್ಕಳ ಬೈನಾಕ್ಯುಲರ್ ಆರುನೂರು ಚಿಲ್ಲರೆ ಕೊಟ್ಟು ತರಿಸ್ದೆ, ಇಪ್ಪತ್ತೈದು ಪ್ರಾಣಿ ಇರೋ ಬಿಂಗೋ ಕಾರ್ಡ್ ಪ್ರಿಂಟ್ ಹಾಕ್ಸಿ ಲ್ಯಾಮಿನೇಶನ್ ಬೇರೆ. ಮಗಳು ಕಾರ್ಡಲ್ಲಿ ಟಿಕ್ ಹಾಕೋಕೆ ಓಡಿದ್ಳೇ ಹೊರತು ಪ್ರಾಣಿ ಕಡೆ ತಿರುಗ್ಲಿಲ್ಲ, ಝೀಬ್ರಾನ ಎರಡು ಸೆಕೆಂಡ್ ನೋಡಿ "ಆಯ್ತು, ನೆಕ್ಸ್ಟ್". ಬೈನಾಕ್ಯುಲರ್‌ಗೆ ಇಬ್ಬರೂ ಕಿತ್ತಾಡಿ ಒಂದು ಕಣ್ಣಿನ ಗಾಜು ಬಿತ್ತು. ಸಾಕಾಗಿ ಬ್ಯಾಟರಿ ಗಾಡಿ ಹತ್ತಿಸಿದ್ರೆ ಗಾಡೀನೇ ಇಷ್ಟ ಆಗೋಯ್ತು, ಇನ್ನೊಂದು ರೌಂಡ್ ಬೇಕು ಅಂತ ನೆಲದ ಮೇಲೆ ಬಿದ್ದು ಉರುಳಾಟ. ಚಿಪ್ಸ್ ತೋರಿಸಿ ಸಮಾಧಾನ ಮಾಡೋಣ ಅಂದ್ರೆ ಒಳಗೆ ಪ್ಲಾಸ್ಟಿಕ್ ಬಿಡಲ್ಲ, ಪ್ಯಾಕೆಟ್ ಕಾರಲ್ಲೇ ಬಿಟ್ಟಿದ್ವಿ.

ಅವತ್ತು ವಾಪಸ್ ಬರ್ತಾ ಹೊಳೆದಿದ್ದು, ಹುಡುಗರಿಗೆ ಜೂ ದೊಡ್ಡದಾಗಿ ಬೇಕಾಗಿಲ್ಲ, ಎಲ್ಲಾ ನೋಡ್ಬೇಕು ಅನ್ನೋ ಹಠ ನಮ್ದು, ಕೊಟ್ಟಿರೋ ಟಿಕೆಟ್ ದುಡ್ಡು ವಸೂಲಿ ಆಗ್ಬೇಕಲ್ಲ ಅದಕ್ಕೆ. ಹಂಗಾಗಿ ಈ ಸಲ ಐದೇ ಪ್ರಾಣಿ. ಹಿಂದಿನ ರಾತ್ರಿ ಲಾಡ್ಜಲ್ಲಿ ಮಕ್ಕಳು ತಲಾ ಎರಡು ಆರಿಸಿದ್ರು, ನಂದು ಒಂದು. ಮಗಳು ಜಿರಾಫೆ, ಗೊರಿಲ್ಲಾ. ಮಗ ನೀರಾನೆ, ಆನೆ. ನಾನು ಹುಲಿ. ಬೇರೆದು ದಾರೀಲಿ ಕಂಡ್ರೆ ಕಾಣ್ಲಿ, ನಿಲ್ಲೋದಿಲ್ಲ.

ಎಂಟೂವರೆಗೆ ಗೇಟ್ ತೆಗೆಯೋವಾಗ ಅಲ್ಲಿರ್ಬೇಕು, ಇದಕ್ಕೆ ರಿಯಾಯಿತಿ ಇಲ್ಲ, ಅದಕ್ಕೇ ಹಿಂದಿನ ದಿನಾನೇ ಹೋಗಿ ಉಳ್ಕೊಳ್ಳೋದು. ಇಡ್ಲಿ ಹೊರಗೇ ಮುಗಿಸಿ, ಬಾತ್ರೂಮ್ ಮುಗಿಸಿ, ಹಳೇ ಚಪ್ಪಲಿ, ಸ್ಟೀಲ್ ಬಾಟ್ಲಿ. ಬುಧವಾರ ಹೋದ್ವಿ, ಜನ ಕಮ್ಮಿ, ತಂಪು.

ಜಿರಾಫೆ ಹತ್ರ ಇಪ್ಪತ್ತು ನಿಮಿಷ ನಿಂತ್ವಿ. ನೀವೂ ಒಂದ್ಸಲ ಸುಮ್ನೆ ಕುತ್ತಿಗೆ ನೋಡಿ. ಅದೂ ನಮ್ಮ ಹಸು ಥರಾನೇ ಮೆಲುಕು ಹಾಕುತ್ತೆ, ನುಂಗಿದ್ದು ಸ್ವಲ್ಪ ಹೊತ್ತಿಗೆ ಒಂದು ಉಂಡೆ ಆಗಿ ಅಷ್ಟುದ್ದ ಕುತ್ತಿಗೇಲಿ ಕೆಳಗಿಂದ ಮೇಲಕ್ಕೆ ಲಿಫ್ಟ್ ಥರ ಸರ್ ಅಂತ ಹತ್ತೋದು ಹೊರಗಿಂದಾನೇ ಕಾಣುತ್ತೆ, ಬಾಯಿಗೆ ಬಂದ ತಕ್ಷಣ ದವಡೆ ಶುರು. ಮಗ ಪ್ರತಿ ಉಂಡೆಗೂ "ಬಂತು ಬಂತು ಬಂತು" ಅಂತ ಕಿರುಚ್ತಿದ್ದ. ಹಿಂದೆ ಎರಡು ಸಲ ಒಳಗೆ ಬಂದಾಗ ಇದು ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ.

ನೀರಾನೆ ಸಾಮಾನ್ಯವಾಗಿ ಮಕ್ಕಳಿಗೆ ಬೋರು, ಬರೀ ನೀರು ಕಾಣುತ್ತೆ. ಅದು ಮುಳುಗಿದ ತಕ್ಷಣ ಎಣಿಸೋದು ಅಂತ ಮಾಡಿದ್ವಿ. ಮಗಳಿಗೆ ನೂರರ ಮೇಲೆ ಆಗ ತಾನೇ ಬರ್ತಿತ್ತು, ನೂರ ಎಂಬತ್ತೋ ಏನೋ ಆದಾಗ ಪುಸ್ ಅಂತ ಮೂಗು ಬಂತು ನೋಡಿ, ಪಕ್ಕದಲ್ಲಿ ನಿಂತಿದ್ದ ಯಾರದ್ದೋ ಮಕ್ಕಳೂ ಸೇರ್ಕೊಂಡು ಚಪ್ಪಾಳೆ. ಸ್ಕೂಲ್ ಫೀಸಲ್ಲಿ ಸ್ವಲ್ಪ ವಾಪಸ್ ಕೇಳ್ಬಹುದು.

ಗೊರಿಲ್ಲಾಗಳು ಥಾಬೊ, ಡೆಂಬಾ, 2021ರಲ್ಲಿ ಜರ್ಮನಿಯಿಂದ ಬಂದಿದ್ದು, ಅಣ್ಣ ತಮ್ಮ. ಅಣ್ಣ ತಮ್ಮ ಅಂತ ಹೇಳಿದ್ದೇ ತಡ, ನಮ್ಮ ಎರಡೂ ಮಿಸುಕಾಡ್ಲಿಲ್ಲ, ಯಾವಾಗ ಹೊಡೆದಾಡ್ತಾರೆ ಅಂತ ಕಾಯ್ತಾ ಕೂತ್ರು. ಹೊಡೆದಾಡ್ಲಿಲ್ಲ. ಒಂದು ಸೊಪ್ಪಿನ ಕಡ್ಡಿ ಹಿಡ್ಕೊಂಡು ಒಂದೊಂದೇ ಎಲೆ ಬಿಡಿಸಿ ತಿಂತಿತ್ತು, ನಮ್ಮತ್ತೆ ನುಗ್ಗೆಸೊಪ್ಪು ಬಿಡಿಸೋ ಹಂಗೇ. ಇದನ್ನ ಅತ್ತೆಗೆ ಹೇಳ್ಬೇಡ ಅಂತ ಮಗಳಿಗೆ ಹೇಳಿದ್ದೆ, ಬಸ್ ಇಳಿಯೋಕೆ ಮುಂಚೆ ಫೋನಲ್ಲಿ ಹೇಳಾಯ್ತು.

ಹುಲಿ ನಡೀತಾ ಇತ್ತು. ಬೆಳಿಗ್ಗೆ ಹೋದ್ರೆ ಸಿಗೋ ಲಾಭ ಇದು, ಬಿಸಿಲೇರಿದ್ರೆ ಮಲಗಿರೋ ಚರ್ಮ ಅಷ್ಟೇ. ಕಿವಿ ಹಿಂದೆ ಬಿಳಿ ಚುಕ್ಕೆ ಹುಡುಕು ಅಂದೆ, ಹುಡುಕಿದ್ಳು. ಜನರ ನಡುವೆ ತೂರದೆ ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ ಅನ್ನೋದು ಹೇಳಲ್ಲ, ಹೇಳಿದ್ರೆ ಮುಂದಿನ ಸಲ ನನಗೆ ಜಾಗ ಇರಲ್ಲ.

ನಡುವೆ ಒಂದು ಪ್ರಯೋಗ. ಮೊಬೈಲಲ್ಲಿ ಫೋಟೋ ಬಂದ್, ಬರೀ ಸೌಂಡ್ ರೆಕಾರ್ಡಿಂಗು. ಮಕಾವ್ ಗಿಣಿ ಅರಚೋದು, ಎಲ್ಲಿಂದಲೋ ಕೇಳಿದ ಸಿಂಹದ ಗುಡುಗು, ಒಂದೊಂದು ಅರ್ಧ ನಿಮಿಷ. ಈಗ ಕರೆಂಟ್ ಹೋದಾಗ ಅದನ್ನ ಹಾಕಿ ಯಾವುದು ಹೇಳು ಆಟ. ಆನೆ ಲದ್ದಿ ಎಷ್ಟು ಅಂತ ಎಣಿಸೋಣ ಅಂತ್ಲೂ ಶುರು ಮಾಡಿದ್ವಿ, ಯಜಮಾನ್ರಿಗೆ ಮುಜುಗರ ಆಯ್ತು, ನಿಲ್ಲಿಸಿದ್ವಿ.

ಹನ್ನೊಂದಕ್ಕೆ ಹೊರಗೆ. ಲಾಡ್ಜಲ್ಲಿ ನಿದ್ದೆ, ನಾಲ್ಕಕ್ಕೆ ಕಾರಂಜಿ ಕೆರೆ, ಅಲ್ಲಿ ಪಕ್ಷಿಗಳ ದೊಡ್ಡ ಬಲೆಮನೆ ಒಳಗೇ ನಡ್ಕೊಂಡು ಹೋಗ್ಬಹುದು. ನವಿಲು ಹಿಂದೆ ಓಡಿದ್ದಕ್ಕೇ ನಾನು ಗದರಿದ್ದು.

ಲೆಕ್ಕ ಹೇಳ್ಬೇಕಲ್ಲ. ಶಕ್ತಿ ಯೋಜನೆ ದಯದಿಂದ ಬಸ್ಸಲ್ಲಿ ನನಗೂ ಮಗಳಿಗೂ ಝೀರೋ ಟಿಕೆಟ್, ಮಗ ಚಿಕ್ಕೋನು, ಹಂಗಾಗಿ ಯಜಮಾನ್ರದ್ದು ಮಾತ್ರ ಹೋಗ್ತಾ ಬರ್ತಾ ಮುನ್ನೂರರ ಆಸುಪಾಸು. ಲಾಡ್ಜ್ ಸಾವಿರದ ನಾನೂರೋ ಐನೂರೋ, ಎರಡೂ ಕಡೆ ಟಿಕೆಟ್ಟು, ಆಟೋ, ಊಟ ಸೇರಿ ಒಟ್ಟು ಮೂರು ಸಾವಿರದ ಒಳಗೇ ಮುಗೀತು. ಉಳ್ಕೊಂಡ್ರೆ ಖರ್ಚು ಜಾಸ್ತಿ ಅಂತಿದ್ದ ಭಾವನಿಗೆ ಈ ಲೆಕ್ಕ ವಾಟ್ಸಾಪಲ್ಲಿ ಕಳಿಸಿದೀನಿ, ಬ್ಲೂ ಟಿಕ್ ಬಿದ್ದಿದೆ, ಉತ್ತರ ಇಲ್ಲ.

ಮೊನ್ನೆ ಅಕ್ಕ ಫೋನ್ ಮಾಡಿ, ಅವ್ರೂ ಮಗನ್ನ ಕರ್ಕೊಂಡು ಹೋಗ್ಬೇಕಂತೆ, ಯಾವ ವಾರ ಒಳ್ಳೇದು ಅಂತ ಭಾವ ಕೇಳು ಅಂದ್ರಂತೆ. ಮಂಗಳವಾರ ಅನ್ನೋಕೆ ಬಾಯಿವರೆಗೂ ಬಂದಿತ್ತು. ಬುಧವಾರ ಅಂದೆ.