ಬಾದಾಮಿಯನ್ನು ತೋರಿಸುತ್ತಿದ್ದ ಮಾಸ್ತರರಿಗೆ ಸ್ಮರಣೆಯ ನಡಿಗೆ: ಏರ್ಪಡಿಸುವ ಬಗೆ

ಬಾದಾಮಿಯ ಗುಹಾಲಯಗಳ ಮೆಟ್ಟಿಲುಗಳನ್ನು ಬಂದವರೊಡನೆ ವರ್ಷಗಟ್ಟಲೆ ಹತ್ತಿ ಇಳಿದು, ಒಂದು ರೂಪಾಯಿಯನ್ನೂ ಮುಟ್ಟದೆ ಶಿಲ್ಪ ಶಾಸನಗಳನ್ನು ವಿವರಿಸುತ್ತಿದ್ದ ನಮ್ಮ ನಿವೃತ್ತ ಮಾಸ್ತರರು ತೀರಿಕೊಂಡಾಗ, ನಾವು ಕೆಲವು ಶಿಷ್ಯರು ಸೇರಿ ನುಡಿನಮನದ ಸಭೆ ನಡೆಸಿದೆವು. ಅವರ ಸರಳತೆಯನ್ನು ಎಲ್ಲರೂ ಕೊಂಡಾಡಿದರು. ಆದರೆ ಒಂದನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನ ಮುಂದೆ ನಿಂತು ಅವರು ಏನು ಹೇಳುತ್ತಿದ್ದರು ಎಂಬುದನ್ನು ಅಂದು ಯಾರೂ ಹೇಳಲಿಲ್ಲ. ಅವರ ಮಾತೇ ಕಳೆದುಹೋಗುತ್ತಿದೆ ಎಂದು ತಿಳಿದ ಮೇಲೆ, ಅವರು ನಡೆಸುತ್ತಿದ್ದ ದಾರಿಯಲ್ಲೇ, ಅವರು ಹೇಳುತ್ತಿದ್ದುದನ್ನೇ ಹೇಳುತ್ತ ನಡೆಯುವ ಒಂದು ಸ್ಮರಣೆಯನ್ನು ಏರ್ಪಡಿಸಿದೆವು. ಇಂಥ ಹಿರಿಯರನ್ನು ಕಳೆದುಕೊಂಡ ಬೇರೆ ಊರಿನವರಿಗೂ ಉಪಯೋಗವಾಗಲೆಂದು ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕು. ತೀರಿಕೊಂಡ ಮೇಲಿನ ವಿಧಿಗಳೆಲ್ಲ ಮುಗಿಯುವವರೆಗೆ ಈ ವಿಷಯವನ್ನು ಎತ್ತದಿರುವುದು ಲೇಸು. ಅನಂತರ ಹೋಗಿ, ಅವರ ಟಿಪ್ಪಣಿ ಪುಸ್ತಕಗಳೇನಾದರೂ ಇದ್ದರೆ ಅಲ್ಲಿಯೇ ಕುಳಿತು ಫೋಟೊ ತೆಗೆದುಕೊಂಡು, ಮೂಲವನ್ನು ಅವರ ಕೈಗೇ ಮರಳಿಸಿ ಬರಬೇಕು.

ಮಾತುಗಳನ್ನು ಕೂಡಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ, ಹೆಚ್ಚು ಸಮಯವನ್ನು ಇದಕ್ಕೇ ಕೊಡಬೇಕು. "ಮಾಸ್ತರರು ಹೇಗಿದ್ದರು?" ಎಂದು ಕೇಳಿದರೆ "ದೇವರಂಥ ಮನುಷ್ಯರು" ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು, ಆದರೆ ಅದರಿಂದ ನಡಿಗೆಯನ್ನು ಕಟ್ಟಲಾಗದು. ಅದರ ಬದಲು "ಎರಡನೆಯ ಗುಹೆಗೆ ಏರುವಾಗ ಎಲ್ಲಿ ನಿಲ್ಲುತ್ತಿದ್ದರು, ಯಾವ ಕಂಬವನ್ನು ಮೊದಲು ತೋರಿಸುತ್ತಿದ್ದರು, ಮಕ್ಕಳಿಗೆ ಯಾವ ಪ್ರಶ್ನೆ ಹಾಕುತ್ತಿದ್ದರು?" ಎಂದು ಕೇಳಬೇಕು. ಇದಕ್ಕೆ ಶಿಷ್ಯರಷ್ಟೇ ಸಾಲದು. ಆಟೋ ಓಡಿಸುವವರು, ಟಿಕೆಟ್ ಕೊಡುವವರು, ಬುಟ್ಟಿಯಲ್ಲಿ ಜೋಳದ ರೊಟ್ಟಿ ಮತ್ತು ಮೊಸರು ಮಾರುವ ತಾಯಂದಿರು ದಿನವೂ ಅವರ ದನಿ ಕೇಳಿದವರು. ಮಂಗಗಳಿಗೆ ಹೆದರಿದ ಮಕ್ಕಳನ್ನು ಅವರು ಹೇಗೆ ಸಮಾಧಾನಪಡಿಸುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಒಬ್ಬ ರೊಟ್ಟಿಯಮ್ಮನಿಂದ. ಹಿಂದೆ ಪ್ರವಾಸಕ್ಕೆ ಬಂದವರ ಮೊಬೈಲುಗಳಲ್ಲಿ ರೆಕಾರ್ಡಿಂಗ್‌ಗಳು ಉಳಿದಿರುತ್ತವೆ. ಅವನ್ನು ಕೇಳಿ ಪಡೆದು, ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿಡಬೇಕು.

ಕೂಡಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವಾಗ ನಾವು ಮೂರು ಬಣ್ಣದ ಶಾಯಿ ಬಳಸಿದೆವು. ಶಾಸನದಲ್ಲೇ ಇರುವ ಮಾತಿಗೆ ಕಪ್ಪು, ವಿದ್ವಾಂಸರ ಅಭಿಪ್ರಾಯಕ್ಕೆ ನೀಲಿ, ಕಥೆಗೆ ಕೆಂಪು. ಮೂರನೆಯ ಗುಹೆಯನ್ನು ಚಾಲುಕ್ಯ ಮನೆತನದ ಮಂಗಲೇಶನು ಶಕವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಮಾಡಿಸಿ ಅದರ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದನೆಂಬುದು ಕಪ್ಪು ಶಾಯಿಯ ಮಾತು. ಅಗಸ್ತ್ಯರು ವಾತಾಪಿಯೆಂಬ ರಾಕ್ಷಸನನ್ನು ಜೀರ್ಣಿಸಿಕೊಂಡದ್ದು ಕೆಂಪು ಶಾಯಿಯದು. ಅದನ್ನು ಬಿಡಬಾರದು, ಏಕೆಂದರೆ ಮಕ್ಕಳು ಮೆಟ್ಟಿಲು ಹತ್ತುತ್ತಿದ್ದುದೇ ಆ ಕಥೆಯ ಆಸೆಗೆ. ಕೆಲವು ಕಡೆ ಮಾಸ್ತರರ ನೆನಪೂ ತಪ್ಪಿರುತ್ತಿತ್ತು. 543ರ ಬಂಡೆಗಲ್ಲಿನ ಶಾಸನದಲ್ಲಿ ಕೋಟೆ ಕಟ್ಟಿಸಿದವನೆಂದು ಹೇಳಿರುವ ಒಂದನೆಯ ಪುಲಕೇಶಿಯನ್ನೂ, ಐಹೊಳೆಯ 634ರ ಶಾಸನದಲ್ಲಿ ಕವಿ ರವಿಕೀರ್ತಿ ಹೊಗಳಿದ ಎರಡನೆಯ ಪುಲಕೇಶಿಯನ್ನೂ ಒಂದು ರೆಕಾರ್ಡಿಂಗಿನಲ್ಲಿ ಅವರು ಬೆರೆಸಿಬಿಟ್ಟಿದ್ದರು. ರೆಕಾರ್ಡಿಂಗನ್ನು ಹಾಗೆಯೇ ಇಟ್ಟು, ಪುಸ್ತಕದಲ್ಲಿ ಮಾತ್ರ ತಿದ್ದಿದೆವು. ಹೈಸ್ಕೂಲಿನ ಹುಡುಗಿಯೊಬ್ಬಳು ತಪ್ಪು ತೋರಿಸಿದಾಗ ಅವರೇ ನಿಂತು, ಚಷ್ಮಾ ಏರಿಸಿಕೊಂಡು ತಿದ್ದಿಕೊಂಡದ್ದನ್ನು ನಾನು ಕಂಡಿದ್ದೇನೆ.

ಸಂರಕ್ಷಿತ ಸ್ಮಾರಕಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ ಸಮಾರಂಭ ನಡೆಸಬಾರದೆಂದು 1959ರ ನಿಯಮಗಳು ಹೇಳುತ್ತವೆ. ಆದ್ದರಿಂದ ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಗೆ ಮುಂಚಿತವಾಗಿ ಪತ್ರ ಕೊಟ್ಟು, ಅವರು ಹೇಳಿದಂತೆ ನಡೆಯಬೇಕು. ಭಾವಚಿತ್ರ, ಹೂಮಾಲೆ, ದೀಪ, ಫ್ಲೆಕ್ಸ್, ಮೈಕು ಇವೆಲ್ಲ ಊರೊಳಗಿನ ಶಾಲೆಯಲ್ಲೇ ಮುಗಿಯಲಿ. ಪ್ರೀತಿಯಿಂದಲೇ ಆದರೂ ಅವರ ಹೆಸರನ್ನು ಕಲ್ಲಿನ ಮೇಲೆ ಬರೆಯುವ ಯೋಚನೆ ಯಾರಿಗೂ ಬರಬಾರದು. ಅಂಥ ಗೀಚುಗಳನ್ನು ಕಂಡು ಅವರು ಪಟ್ಟ ಸಂಕಟ ನಮಗೆ ಗೊತ್ತು.

ನಡಿಗೆಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ, ಹಿಂದಿನವರಿಗೆ ಕೇಳಿಸುವುದಿಲ್ಲ. ಪ್ರತಿ ನಿಲುಗಡೆಯಲ್ಲಿ ಬೇರೆ ಬೇರೆಯವರು ಮಾತನಾಡಲಿ, ಅವರಲ್ಲಿ ಇಬ್ಬರಾದರೂ ಶಾಲಾ ಮಕ್ಕಳಾಗಿರಲಿ, ಮತ್ತು ಮಾಸ್ತರರು ಸುಮ್ಮನೆ ನಿಂತು ನೋಡಲು ಬಿಡುತ್ತಿದ್ದ ಕಡೆಯಲ್ಲಿ ಯಾರೂ ಮಾತನಾಡದಿರಲಿ. ನಾವು ಗುಹೆಗಳಿಂದ ಇಳಿದು, ಅಗಸ್ತ್ಯ ತೀರ್ಥದ ದಂಡೆ ಬಳಸಿ, ಕಪ್ಪೆ ಅರಭಟ್ಟನ ಶಾಸನದ ಬಳಿ ಮುಗಿಸಿದೆವು. ಸುಮಾರು ಕ್ರಿ.ಶ. 700ರ ಆ ಬಂಡೆಬರಹದ ತ್ರಿಪದಿಗಳು ಅರಭಟ್ಟನೆಂಬ ಒಬ್ಬನ ಗುಣವನ್ನು ನೆನೆಯುತ್ತವೆ, ಸಾಧುವಿಗೆ ಸಾಧುವೂ ಮಧುರನಿಗೆ ಮಧುರನೂ ಆಗಿದ್ದವನೆಂದು. ಅದನ್ನು ಒಬ್ಬ ಹುಡುಗ ಗಟ್ಟಿಯಾಗಿ ಓದಿದನು. ನಮ್ಮಲ್ಲಿ ಕೆಲವರಿಗೆ ಅಂದು ಅಳು ತಡೆಯಲಾಗಲಿಲ್ಲ.

ಪುಸ್ತಕದ ಒಂದು ಪ್ರತಿಯನ್ನು ಮನೆಯವರಿಗೂ, ಇನ್ನೊಂದನ್ನು ಅವರು ಕಲಿಸಿದ ಶಾಲೆಯ ಗ್ರಂಥಾಲಯಕ್ಕೂ ಕೊಟ್ಟಿದ್ದೇವೆ. ಅದರಲ್ಲಿ ನಾಲ್ಕನೆಯ, ಜೈನ ಗುಹೆಯ ಪುಟಗಳು ಇನ್ನೂ ಅರ್ಧ ಖಾಲಿಯಾಗಿವೆ. ಅಷ್ಟು ಮೇಲಕ್ಕೆ ಬರುವ ಹೊತ್ತಿಗೆ ಕೇಳುವವರು ದಣಿದು ರೆಕಾರ್ಡಿಂಗ್ ನಿಲ್ಲಿಸಿರುತ್ತಿದ್ದರು. ಮುಂದಿನ ಪುಣ್ಯತಿಥಿಯೊಳಗೆ, ಅಲ್ಲಿಯ ಬಾಹುಬಲಿಯ ಮುಂದೆ ಅವರ ಮಾತು ಕೇಳಿದವರನ್ನು ಒಬ್ಬೊಬ್ಬರನ್ನಾಗಿ ಹುಡುಕುತ್ತಿದ್ದೇವೆ.