ಪಾಲಿಫಿನಾಲ್ ಕೈತಪ್ಪದಂತೆ ತಿನ್ನುವುದು ಹೇಗೆ?

ಪಾಲಿಫಿನಾಲ್ (ಸಸ್ಯಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕಗಳು) ಎಂದಕೂಡಲೇ ದುಬಾರಿ ಹಣ್ಣುಗಳನ್ನು ಹುಡುಕಬೇಕಿಲ್ಲ. ದಿನವೂ ಕಾಫಿ, ಚಹಾ ಕುಡಿಯುವವರಿಗೆ ದೊಡ್ಡ ಪಾಲು ಸಿಗುವುದು ಅವುಗಳಿಂದಲೇ: ಕಾಫಿಯಲ್ಲಿ ಕ್ಲೋರೊಜೆನಿಕ್ ಆಮ್ಲ, ಚಹಾದಲ್ಲಿ ಕ್ಯಾಟೆಚಿನ್. ಆಹಾರದ ಲೆಕ್ಕ ಬರೆದಿಡುವವರು ಇವೆರಡನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಎಷ್ಟು ಲೋಟ ಎಂದಲ್ಲ, ಎಷ್ಟು ಮಿಲಿಲೀಟರ್ ಎಂದು ಬರೆಯಿರಿ.

ಚಹಾ ಎಲೆಯನ್ನು ಬಿಸಿನೀರಲ್ಲಿ 3ರಿಂದ 5 ನಿಮಿಷ ಬಿಡಿ. ಊಟದ ಜೊತೆಗೆ ಮಾತ್ರ ಬೇಡವೇ ಬೇಡ. ಕಾಳು, ಸೊಪ್ಪಿನ ಕಬ್ಬಿಣಾಂಶಕ್ಕೆ ಪಾಲಿಫಿನಾಲ್ ಅಂಟಿಕೊಂಡು ದೇಹ ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಕನಿಷ್ಠ ಒಂದು ಗಂಟೆ ಅಂತರವಿರಲಿ, ರಕ್ತಹೀನತೆ ಇರುವವರಂತೂ ಇದನ್ನು ಮರೆಯಬಾರದು.

ಸೇಬನ್ನು ಚೆನ್ನಾಗಿ ತೊಳೆದು ಸಿಪ್ಪೆಸಮೇತ ತಿನ್ನಿ, ಕ್ವೆರ್ಸೆಟಿನ್ ಎಂಬ ಪಾಲಿಫಿನಾಲ್ ಹೆಚ್ಚಾಗಿರುವುದು ಅಲ್ಲೇ. ಈರುಳ್ಳಿಯ ಒಣ ಸಿಪ್ಪೆಯನ್ನಷ್ಟೇ ತೆಗೆದು, ಕೆಳಗಿನ ಪದರ ಉಳಿಸಿಕೊಳ್ಳಿ. ತರಕಾರಿ ಬೇಯಿಸಿದ ನೀರು ಚೆಲ್ಲಿದರೆ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಕ್ಷಾರದಿಂದ ಸಂಸ್ಕರಿಸಿದ ಕೋಕೋ ಪುಡಿಯಲ್ಲಿ ಫ್ಲಾವನಾಲ್ ಎಂಬ ಪಾಲಿಫಿನಾಲ್ ಬಹಳ ಕಡಿಮೆ, ಪೊಟ್ಟಣ ಓದಿ ಕೊಳ್ಳಿ.

ಗ್ರೀನ್ ಟೀ ಸಾರದ ಮಾತ್ರೆಗಳನ್ನು ಈ ಆಹಾರ, ಪಾನೀಯಗಳ ಬದಲಿಗೆ ನುಂಗಬೇಡಿ. ಪೂರಕಗಳಿಂದ ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ಸೇರಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ.